ಬಿಲ್‌ಗೆ ಹೆದರಿ ಹೀಟರ್ ಆರಿಸಿ ಕೂರಬೇಡಿ

ಚಳಿಗಾಲದಲ್ಲಿ ಬಿಲ್ ಕಟ್ಟಲಾಗದವರು ಹೀಟರ್ ಆರಿಸಿ ದಪ್ಪ ಬಟ್ಟೆ ತೊಡಲಿ ಎಂದು ಸಲಹೆ ಕೊಡುವ ಲೇಖನವೊಂದನ್ನು ಓದಿದೆ. ವಯಸ್ಸಾದವರಿರುವ ಮನೆಗೆ ಈ ಸಲಹೆ ಅಪಾಯಕಾರಿ. ಚಳಿಗೆ ರಕ್ತನಾಳಗಳು ಕುಗ್ಗಿ ರಕ್ತದೊತ್ತಡ ಏರುತ್ತದೆ. ಚಳಿಗಾಲದಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಸೆಲ್ಸಿಯಸ್ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ.

ನಮ್ಮ ಅತ್ತೆ ಹಣ ಉಳಿಸಲೆಂದು ಎರಡೆರಡು ಸ್ವೆಟರ್ ತೊಟ್ಟು ಹಾಸಿಗೆಯಲ್ಲೇ ಕೂರುತ್ತಿದ್ದರು. ಒಂದು ಬೆಳಿಗ್ಗೆ ಗುಂಡಿ ಹಾಕಿಕೊಳ್ಳಲೂ ಆಗದಷ್ಟು ಅವರ ಬೆರಳು ಮರಗಟ್ಟಿದ್ದವು. ಆಗ ಬಿಲ್‌ಗಳನ್ನು ತೆಗೆದು ನೋಡಿದೆ. ಮೂರು ತಿಂಗಳಿಂದ ಯಾರೂ ಮೀಟರ್ ಓದಿಯೇ ಇರಲಿಲ್ಲ, ಎಲ್ಲವೂ ಅಂದಾಜಿನ ಮೊತ್ತ! ಬಿಲ್ ಕಳುಹಿಸುವ ಕಂಪನಿಗೆ ಮೀಟರಿನ ಫೋಟೊ ಕಳುಹಿಸಿದ ಮೇಲೆ ಬಿಲ್ ಇಳಿಯಿತು, ಉಳಿದ ಬಾಕಿಯನ್ನು ಕಂತಿನಲ್ಲಿ ಕಟ್ಟುವ ಅವಕಾಶವೂ ಸಿಕ್ಕಿತು. ದಯವಿಟ್ಟು ಬಾಕಿ ಬೆಳೆಯುವ ಮೊದಲೇ ಬಾಯಿ ಬಿಟ್ಟು ಕೇಳಿ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಕೈಯನ್ನು ಒದ್ದೆ ಮಾಡಿಕೊಂಡು ಬಾಗಿಲು, ಕಿಟಕಿಯ ಸಂದಿಗೆ ಹಿಡಿಯಿರಿ, ಗಾಳಿ ಎಲ್ಲಿಂದ ನುಗ್ಗುತ್ತಿದೆ ಎಂಬುದು ತಕ್ಷಣ ತಿಳಿಯುತ್ತದೆ. ಬಾಗಿಲಿನ ಬುಡಕ್ಕೆ ಹಳೆಯ ಹೊದಿಕೆಯನ್ನು ಸುರುಳಿ ಸುತ್ತಿ ಇಟ್ಟರೂ ಎಷ್ಟೋ ವಾಸಿ. ಆದರೆ ಬೆಚ್ಚಗಾಗಲೆಂದು ಮುಚ್ಚಿದ ಕೋಣೆಯಲ್ಲಿ ಇದ್ದಿಲು ಮಾತ್ರ ಹೊತ್ತಿಸಲೇಬೇಡಿ. ಅದರಿಂದ ಹೊಮ್ಮುವ ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.