ತುಕ್ಕು ಹಿಡಿಯದ ಕಾರಿಗೆ ತುಕ್ಕು ಹಿಡಿಸುವ ಕಷ್ಟ

ನಿಜವಾದ ಕಾರಿಗೆ ತುಕ್ಕು ಹಿಡಿಯಲು ಯಾರ ಸಹಾಯವೂ ಬೇಡ. ಬಯಲಲ್ಲಿ ನಿಲ್ಲಿಸಿ ಮರೆತರೆ ಸಾಕು, ಮುಂದಿನದನ್ನು ಮಳೆ ಬಿಸಿಲುಗಳೇ ನೋಡಿಕೊಳ್ಳುತ್ತವೆ, ಅದೂ ಪುಕ್ಕಟೆ. ಕಿಟ್ ತಂದು ಬಿಡಿಭಾಗ ಜೋಡಿಸಿ ಕಟ್ಟುವ ಪ್ಲಾಸ್ಟಿಕ್ ಮಾಡೆಲ್ ಕಾರಿಗೆ ಆ ಯೋಗವಿಲ್ಲ. ಅಂಗೈಯಗಲದ ಆ ಕಾರಿಗೆ ತುಕ್ಕು ಬೇಕೆಂದರೆ ಯಾರಾದರೂ ಕತ್ತು ಬಗ್ಗಿಸಿ ಕೂತು ಚುಕ್ಕೆ ಚುಕ್ಕೆಯಾಗಿ ಹಚ್ಚಬೇಕು. ಅದಕ್ಕೂ ಮೊದಲು ಅದೇ ಕಾರನ್ನು ಕಾರ್ಖಾನೆಯಿಂದ ಆಗಷ್ಟೇ ಹೊರಬಿದ್ದಂತೆ ನುಣುಪು ಮಾಡಿಟ್ಟಿರಬೇಕು. ಎರಡು ವಾರ ಹೊಸದು ಮಾಡುವುದು, ಇನ್ನೆರಡು ವಾರ ಹಳೆಯದು ಮಾಡುವುದು. ಇದ್ಯಾಕೆ ಹೀಗೆ ಎಂದು ಮನೆಯವರು ಕೇಳಿದರೆ ಮಾತು ಬದಲಿಸುವುದೇ ಕ್ಷೇಮ.

ಅದರಲ್ಲೂ ಹಾಟ್ ರಾಡ್ ಎಂದರೆ ವೇಗಕ್ಕಾಗಿ ಕೆಡವಿ ಕಟ್ಟಿದ ಹಳೆ ಕಾರು. 1932ರಲ್ಲಿ ಫೋರ್ಡ್ ಕಂಪನಿ ಸಾಮಾನ್ಯರ ಕೈಗೆಟುಕುವ ಕಾರಿಗೆ ಎಂಟು ಸಿಲಿಂಡರುಗಳ ವಿ8 ಎಂಜಿನ್ ಕೂರಿಸಿತು: 221 ಘನ ಇಂಚು, 65 ಅಶ್ವಶಕ್ತಿ. ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಇಂಥ ಹಳೆ ಕಾರುಗಳನ್ನು ಅಗ್ಗಕ್ಕೆ ಹಿಡಿದು, ಮಡ್‌ಗಾರ್ಡ್ ಕಿತ್ತು, ಬಂಪರ್ ಕಿತ್ತು, ಬಾನೆಟ್ ಕಿತ್ತು, ಮ್ಯೂರಾಕ್, ಎಲ್ ಮಿರಾಜ್ ಎಂಬ ಬತ್ತಿದ ಕೆರೆಯಂಗಳಗಳಿಗೆ ಒಯ್ದು ಓಡಿಸುತ್ತಿದ್ದರು. ತೂಕ ಇಳಿದಷ್ಟೂ ವೇಗ ಏರುತ್ತದೆ ಎಂಬ ಸರಳ ಲೆಕ್ಕ. ಅವರು ಬಿಡಿಭಾಗಗಳನ್ನು ಬೇಕೆಂದೇ ಕಿತ್ತೆಸೆದರು. ಮಾಡೆಲ್ ಕಟ್ಟುವವರ ಬಿಡಿಭಾಗಗಳು ಚಿಮುಟದಿಂದ ತಾವಾಗಿಯೇ ಹಾರಿಹೋಗುತ್ತವೆ. ಫಲಿತಾಂಶ ಹೆಚ್ಚುಕಡಿಮೆ ಒಂದೇ. ಬಾನೆಟ್ ಸರಿಯಾಗಿ ಕೂರಲಿಲ್ಲವೇ? ಬಿಟ್ಟುಬಿಡಿ, ಹಾಟ್ ರಾಡ್‌ಗೆ ಬಾನೆಟ್ ಇರಲೇಬೇಕೆಂದೇನೂ ಇಲ್ಲ. ಯುದ್ಧವಿಮಾನದ ಕಿಟ್ ಕಟ್ಟುವವರಿಗೆ ಒಂದು ರೆಕ್ಕೆ ಬಿಟ್ಟು ಹೀಗೆ ತಪ್ಪಿಸಿಕೊಳ್ಳುವ ಸವಲತ್ತಿಲ್ಲ.

ಚಿಮುಟದ ವಿಷಯ ಬಂತಲ್ಲ, ಅದನ್ನು ಮೊದಲು ಮುಗಿಸಿಬಿಡೋಣ. ಕಿಟ್ ಡಬ್ಬಿಯಲ್ಲಿ ನೂರಕ್ಕೂ ಹೆಚ್ಚು ಭಾಗಗಳಿರುವುದು ಮಾಮೂಲು. ಅಷ್ಟೂ ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡಿರುತ್ತವೆ. ಕತ್ತರಿಸುವಾಗ ಭಾಗಕ್ಕೆ ಒತ್ತಿ ಕತ್ತರಿಸಬಾರದು, ಒಂದೆರಡು ಮಿಲಿಮೀಟರ್ ತುಂಡು ಉಳಿಸಿ ಕತ್ತರಿಸಿ, ಉಳಿದದ್ದನ್ನು ಚಾಕುವಿನಿಂದ ಸವರಿ, ಆಮೇಲೆ ಉಪ್ಪುಕಾಗದದಲ್ಲಿ ಉಜ್ಜಬೇಕು. ಒತ್ತಿ ಕತ್ತರಿಸಿದರೆ ಭಾಗದ ಮೈಯಿಂದಲೇ ಒಂದು ಚೂರು ಕಿತ್ತು ಬರುತ್ತದೆ. ಸಣ್ಣ ಭಾಗಗಳನ್ನು ಪಾರದರ್ಶಕ ಚೀಲದೊಳಗೆ ಕೈಯಿಟ್ಟು ಕತ್ತರಿಸಿದರೆ ಹಾರಿದರೂ ಚೀಲದಲ್ಲೇ ಇರುತ್ತವೆ. ಇಷ್ಟಾಗಿಯೂ ನೆಲಕ್ಕೆ ಬಿದ್ದರೆ ದೀಪ ಆರಿಸಿ, ಟಾರ್ಚನ್ನು ನೆಲಕ್ಕೆ ಸಮವಾಗಿ ಮಲಗಿಸಿ ಬೆಳಕು ಬಿಡಿ. ಎರಡು ಮಿಲಿಮೀಟರಿನ ಹಿಡಿಕೆಗೂ ಉದ್ದನೆಯ ನೆರಳು ಬೀಳುತ್ತದೆ. ಹುಡುಕುತ್ತಿದ್ದದ್ದು ಅದರಲ್ಲಿ ಸಿಗುತ್ತದೆ ಎಂದೇನಿಲ್ಲ. ಮೂರು ಕಿಟ್ ಹಿಂದೆ ಕಳೆದದ್ದು ಮಾತ್ರ ಖಂಡಿತ ಸಿಗುತ್ತದೆ.

ಅಂಟು ಹಾಕುವ ಮೊದಲು ಎಲ್ಲವನ್ನೂ ಪಾತ್ರೆ ತೊಳೆಯುವ ಸೋಪು ಬೆರೆಸಿದ ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ. ಅಚ್ಚಿನಿಂದ ಸುಲಭವಾಗಿ ಬಿಡಿಸಲು ಬಳಸಿದ ಎಣ್ಣೆಯಂಥ ಪದಾರ್ಥ ಮೇಲೆ ಉಳಿದಿರುತ್ತದೆ, ಅದಿದ್ದಲ್ಲಿ ಬಣ್ಣ ಹಿಡಿಯುವುದಿಲ್ಲ. ಬಿಸಿನೀರು ಮಾತ್ರ ಬೇಡ. ಛಾಸಿ, ಅಂದರೆ ಕಾರಿನ ತಳದ ಚೌಕಟ್ಟು, ಬಾಳೆಲೆಯಂತೆ ಬಾಗುತ್ತದೆ.

ಇನ್ನು ಅಂಟು. ಕಿಟ್ಟಿನ ತೆಳು ದ್ರವದ ಅಂಟು ನಿಜಕ್ಕೂ ಅಂಟಿಸುವುದಿಲ್ಲ, ಪ್ಲಾಸ್ಟಿಕ್ಕನ್ನು ಕರಗಿಸಿ ಎರಡು ತುದಿಗಳನ್ನು ಒಂದು ಮಾಡುತ್ತದೆ. ಭಾಗಗಳನ್ನು ಮೊದಲು ಜೋಡಿಸಿ ಹಿಡಿದು, ಸಂದಿಗೆ ಕುಂಚದ ತುದಿ ಮುಟ್ಟಿಸಿದರೆ ಸಾಕು, ಅದು ತಾನಾಗಿ ಒಳಗೆ ಹರಿಯುತ್ತದೆ. ಆ ಸಂದಿಯ ಮೇಲೆ ನಿಮ್ಮ ಹೆಬ್ಬೆರಳಿದ್ದರೆ ಅದರ ಅಡಿಗೂ ಅಷ್ಟೇ ಪ್ರೀತಿಯಿಂದ ಹರಿಯುತ್ತದೆ. ಬೆರಳೆತ್ತಿದರೆ ಬಾಗಿಲ ಮೇಲೆ ನಿಮ್ಮ ಹೆಬ್ಬೆಟ್ಟಿನ ಒತ್ತು, ಸುರುಳಿ ಸುರುಳಿಯಾಗಿ, ನೋಂದಣಿ ಕಚೇರಿಗೆ ಒಪ್ಪಿಗೆಯಾಗುವಷ್ಟು ಸ್ಪಷ್ಟ. ಆಗ ಒರೆಸಲು ಹೋದಿರೋ, ಒತ್ತು ಹೋಗಿ ಗದ್ದೆಯಾಗುತ್ತದೆ. ಒಂದು ದಿನ ಪೂರ್ತಿ ಮುಟ್ಟದೆ ಬಿಟ್ಟು, ಗಟ್ಟಿಯಾದ ಮೇಲೆ 400, 600, 1000ರ ಉಪ್ಪುಕಾಗದದಲ್ಲಿ ನೀರು ಹಾಕಿ ಉಜ್ಜಿದರೆ ಹೋಗುತ್ತದೆ.

ಗಾಜೆಂದು ಕರೆಯುವ ಪಾರದರ್ಶಕ ಪ್ಲಾಸ್ಟಿಕ್ ಭಾಗಗಳಿಗೆ ಈ ಅಂಟೂ ಬೇಡ, ಸೂಪರ್‌ಗ್ಲೂ ಅಂತೂ ಬೇಡವೇ ಬೇಡ. ಸೂಪರ್‌ಗ್ಲೂ ಒಣಗುವಾಗ ಏಳುವ ಆವಿ ಗಾಜಿನ ಮೇಲೆ ಬಿಳಿ ಮಂಜಾಗಿ ಕೂರುತ್ತದೆ. ಮರಗೆಲಸದ ಬಿಳಿ ಅಂಟೇ ಸಾಕು. ಅದು ಒಣಗಿದ ಮೇಲೆ ಕಾಣುವುದಿಲ್ಲ, ಮೆತ್ತಿಕೊಂಡರೆ ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಕ್ರೋಮ್ ಭಾಗಗಳದ್ದು ಬೇರೆಯೇ ಧಿಮಾಕು. ಅವುಗಳ ಮೇಲಿನ ಹೊಳಪು ಅಲ್ಯೂಮಿನಿಯಂನ ಅತಿ ತೆಳು ಪದರ, ಅಂಟು ಅದನ್ನು ದಾಟಿ ಪ್ಲಾಸ್ಟಿಕ್ಕನ್ನು ತಲುಪುವುದಿಲ್ಲ. ಅಂಟಿಸುವ ಜಾಗದಲ್ಲಿ ಕ್ರೋಮ್ ಕೆರೆದು ತೆಗೆಯಬೇಕು. ಕೆರೆಯದೆ ಅಂಟಿಸಿದ ಹೆಡ್‌ಲೈಟ್ ಆ ಹೊತ್ತಿಗೆ ಕೂತಂತೆ ಕಂಡು, ನೋಡಲು ಯಾರಾದರೂ ಬಂದಾಗ ಬೀಳುತ್ತದೆ. ಇನ್ನು ತುಕ್ಕು ಹಿಡಿದ ಕಾರಿಗೆ ಅಷ್ಟೊಂದು ಹೊಳಪು ಬೇಡ ಎನ್ನುವವರು ಕ್ರೋಮ್ ಭಾಗಗಳನ್ನು ಬಟ್ಟೆಗೆ ಹಾಕುವ ಬ್ಲೀಚಿನಲ್ಲಿ ಮುಳುಗಿಸಿಟ್ಟರೆ ಅಲ್ಯೂಮಿನಿಯಂ ಕರಗಿಹೋಗುತ್ತದೆ.

ಛಾವಣಿ ತಗ್ಗಿಸುವ ಆಸೆ ಹಾಟ್ ರಾಡ್ ಕಟ್ಟುವ ಎಲ್ಲರಿಗೂ ಒಂದಲ್ಲ ಒಂದು ದಿನ ಬರುತ್ತದೆ. ಅಸಲಿ ಕಾರಿನಲ್ಲಿ ಎರಡು ಇಂಚು ತಗ್ಗಿಸಿದರೆ 1/25 ಅಳತೆಯಲ್ಲಿ, ಅಂದರೆ ಅಸಲಿಯ ಇಪ್ಪತ್ತೈದರಲ್ಲೊಂದು ಪಾಲಿನ ಮಾಡೆಲ್‌ನಲ್ಲಿ, ಅದು ಎರಡೇ ಮಿಲಿಮೀಟರ್. ಎರಡು ಮಿಲಿಮೀಟರ್ ತಾನೇ ಎನ್ನಿಸುತ್ತದೆ. ಕಿಟಕಿ ಕಂಬಗಳ ಸುತ್ತ ಟೇಪಿನಲ್ಲಿ ಎರಡು ಗೆರೆ ಕಟ್ಟಿ ಗರಗಸ ಹಾಕಬೇಕು, ಗರಗಸದ ಹಲ್ಲು ತಿನ್ನುವ ಕಾಲು ಮಿಲಿಮೀಟರನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಷ್ಟೆಲ್ಲ ಮಾಡಿ ಛಾವಣಿ ಇಳಿಸಿದರೆ ಕಂಬಗಳು ಒಂದರ ಮೇಲೊಂದು ಕೂರುವುದಿಲ್ಲ. ಕಂಬಗಳು ನೆಟ್ಟಗಿಲ್ಲ, ವಾಲಿವೆ. ವಾಲಿದ ಕಂಬದಿಂದ ಮಧ್ಯದ ತುಂಡು ತೆಗೆದರೆ ಮೇಲಿನದು ಪಕ್ಕಕ್ಕೆ ಸರಿಯುತ್ತದೆ. ಆಗ ಛಾವಣಿಯನ್ನೇ ಅಡ್ಡಕ್ಕೆ ಸೀಳಿ, ಮಧ್ಯೆ ಪ್ಲಾಸ್ಟಿಕ್ ಪಟ್ಟಿ ಸೇರಿಸಿ ಉದ್ದ ಮಾಡಬೇಕು. ಛಾವಣಿ ಇಳಿಯಿತೆಂದ ಮೇಲೆ ಗಾಜನ್ನೂ ಕತ್ತರಿಸಬೇಕು, ಗಾಜಿನ ಪ್ಲಾಸ್ಟಿಕ್ ಬಿರುಸು, ಗೆರೆ ಕೊರೆದು ಮುರಿಯಬೇಕೇ ಹೊರತು ಗರಗಸ ತಾಗಿಸಿದರೆ ಬಿರುಕು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎಂಬ ಗಾದೆ ಹುಟ್ಟಿದ್ದು ಛಾವಣಿ ತಗ್ಗಿಸಿದವರ ಮನೆಯಲ್ಲೇ ಇರಬೇಕು. ಮೊದಲ ಕಿಟ್ ಆದರೆ ಈ ಆಸೆಯನ್ನು ಅದುಮಿಕೊಳ್ಳಿ.

ಎಂಜಿನ್ ಹೊರಗೇ ಕಾಣುವುದರಿಂದ ವೈರಿಂಗ್ ಮಾಡದೆ ಗತಿಯಿಲ್ಲ. ವಿ8ಗೆ ಎಂಟು ಪ್ಲಗ್ ವೈರು, ಕಿಡಿಗೆ ವಿದ್ಯುತ್ ಕೊಡುವ ಕಾಯಿಲಿನದು ಒಂದು, ಒಟ್ಟು ಒಂಬತ್ತು. ವೈರಿನ ದಪ್ಪ ಈ ಅಳತೆಗೆ 0.3 ಮಿಲಿಮೀಟರ್ ಆಸುಪಾಸು. ರಂಧ್ರ ಕೊರೆಯುವ ಅಷ್ಟು ಸಣ್ಣ ಡ್ರಿಲ್ ಬಿಟ್ ಸೊಟ್ಟ ನೋಡಿದರೂ ಮುರಿಯುತ್ತದೆ, ಮುರಿದ ತುಂಡು ರಂಧ್ರದೊಳಗೇ ಉಳಿಯುತ್ತದೆ. ಬೆರಳಲ್ಲಿ ನಿಧಾನಕ್ಕೆ ತಿರುಗಿಸಿ, ಎರಡು ಸುತ್ತಿಗೊಮ್ಮೆ ಹೊರಗೆಳೆದು ಪುಡಿ ಊದಬೇಕು. ಮೊದಲು ಹೇಳಿದ ಫೋರ್ಡಿನ ಹಳೆ ವಿ8ಗೆ, ಫ್ಲಾಟ್‌ಹೆಡ್ ಎನ್ನುವ ಎಂಜಿನ್ನಿಗೆ, ಕಿಡಿ ಹಾರುವ ಸರದಿ 1-5-4-8-6-3-7-2. ಆ ಪ್ರಕಾರವೇ ವೈರು ಕೊಟ್ಟರೆ ಲಾಭವೇನೆಂದು ಕೇಳಬೇಡಿ. ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು: ಈ ಎಂಜಿನ್ನಿಗೆ ಒಂದೊಂದು ಪಕ್ಕದಲ್ಲೂ ಹೊಗೆ ಕೊಳವೆ ಮೂರೇ. ಮಧ್ಯದ ಎರಡು ಸಿಲಿಂಡರುಗಳಿಗೆ ಒಂದೇ ದಾರಿ. ಇದು ತಿಳಿಯದೆ ನಾಲ್ಕನೆಯ ಕೊಳವೆಗಾಗಿ ಟಾರ್ಚ್ ಹಿಡಿದು ನೆಲ ಸೋಸಿದವರು ಬಹಳ.

ಚಕ್ರ ಜೋಡಿಸುವಾಗ ಕಾರನ್ನು ಕನ್ನಡಿಯಂಥ ಸಪಾಟು ಗಾಜಿನ ಮೇಲಿಟ್ಟು ಅಂಟು ಒಣಗುವವರೆಗೆ ಬಿಡಬೇಕು. ಇಲ್ಲದಿದ್ದರೆ ಮೂರು ಚಕ್ರ ನೆಲದ ಮೇಲೆ, ನಾಲ್ಕನೆಯದು ಗಾಳಿಯಲ್ಲಿ. ಹಾಟ್ ರಾಡ್ ಮೂತಿ ತಗ್ಗಿಸಿ ಹಿಂಭಾಗ ಎತ್ತಿ ನಿಲ್ಲುವುದೇ ಚೆಂದ, ಆದರೆ ಒಂದು ಕಾಲೆತ್ತಿ ನಿಲ್ಲುವುದು ಕಾರಿನ ಭಂಗಿಯಲ್ಲ.

ಒಳಗಿನ ಸೀಟು, ಸ್ಟಿಯರಿಂಗ್‌ಗೆ ಮಬ್ಬು ಬಣ್ಣ ಹೊಡೆದು ಮುಂದೆ ಹೋಗಿ. ಛಾವಣಿ ಹಾಕಿದ ಮೇಲೆ ಯಾರೂ ಬಗ್ಗಿ ನೋಡುವುದಿಲ್ಲ.

ಬಣ್ಣದ ಪದರಗಳಿಗೆ ಒಂದೇ ಒಂದು ನಿಯಮ: ಎನಾಮೆಲ್ ಮೇಲೆ ಲ್ಯಾಕರ್ ಬೇಡ. ಲ್ಯಾಕರಿನ ಥಿನ್ನರ್ ಖಾರ, ಕೆಳಗಿನ ಎನಾಮೆಲ್ಲನ್ನು ಕಚ್ಚಿ ಮುದುಡಿಸುತ್ತದೆ, ಬಾನೆಟ್ ಮೇಲೆ ಮೊಸಳೆ ಚರ್ಮ ಏಳುತ್ತದೆ. ತುಕ್ಕು ಕಾರಿಗೆ ಅದೂ ಒಂದು ಅಂದವೇ ಎಂದು ಸಮಾಧಾನಪಟ್ಟುಕೊಳ್ಳುವವರಿದ್ದಾರೆ. ನಂಬಬೇಡಿ, ತುಕ್ಕು ಹಾಗೆ ಮುದುಡುವುದಿಲ್ಲ. ಸ್ಪ್ರೇ ಡಬ್ಬಿಯನ್ನು ಇಪ್ಪತ್ತು ಇಪ್ಪತ್ತೈದು ಸೆಂಟಿಮೀಟರ್ ದೂರದಲ್ಲಿ ಹಿಡಿಯಿರಿ. ಹತ್ತಿರವಾದರೆ ಬಣ್ಣ ಇಳಿದು ಸೋರುತ್ತದೆ, ದೂರವಾದರೆ ಗಾಳಿಯಲ್ಲೇ ಒಣಗಿ ತರಿತರಿಯಾಗಿ ಕೂರುತ್ತದೆ.

ಈಗ ತುಕ್ಕು. ಬಣ್ಣ ಎದ್ದು ತುಕ್ಕು ಇಣುಕುವಂತೆ ಮಾಡಲು ಇರುವ ದೊಡ್ಡ ಅಸ್ತ್ರ ತಲೆಗೂದಲಿಗೆ ಹೊಡೆಯುವ ಹೇರ್‌ಸ್ಪ್ರೇ. ಮೊದಲು ಇಡೀ ಮೈಗೆ ಕಡುಗಂದು ಬಣ್ಣ. ಅದು ಒಣಗಿದ ಮೇಲೆ ಹರಿದ ಸ್ಪಂಜಿನ ತುಂಡಿನಿಂದ ಅಲ್ಲಲ್ಲಿ ಕೆಂಗಂದು, ಇನ್ನೂ ಕಡಿಮೆ ಜಾಗದಲ್ಲಿ ಕಿತ್ತಳೆ. ಈ ಕ್ರಮ ತಪ್ಪಬಾರದು: ಹಳೆ ತುಕ್ಕು ಕಪ್ಪುಗಟ್ಟಿ ಒಳಗಿರುತ್ತದೆ, ಎಳೆ ತುಕ್ಕು ಮಾತ್ರ ಕಿತ್ತಳೆ. ಎಲ್ಲೆಡೆ ಕಿತ್ತಳೆ ಬಳಿದರೆ ಕಾರು ಹಳೆಯದಾಗುವುದಿಲ್ಲ, ಹಣ್ಣಾಗುತ್ತದೆ. ಇದರ ಮೇಲೆ ರಕ್ಷಣೆಗೆ ಒಂದು ಪದರ ವಾರ್ನಿಷ್. ಆಮೇಲೆ ಹೇರ್‌ಸ್ಪ್ರೇ ಎರಡು ತೆಳು ಪದರ, ಒಣಗಲು ಹದಿನೈದು ನಿಮಿಷ. ಅದರ ಮೇಲೆ ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣ, ತೆಳ್ಳಗೆ. ಅರ್ಧ ಗಂಟೆ ಬಿಟ್ಟು ಉಗುರುಬೆಚ್ಚಗಿನ ನೀರನ್ನು ಎರಡು ಮೂರು ಹನಿ ಹಚ್ಚಿ, ಕೂದಲು ಮೋಟು ಮಾಡಿದ ಒರಟು ಕುಂಚದಿಂದ ಉಜ್ಜಿದರೆ ನೀರು ಒಳಗಿಳಿದು ಹೇರ್‌ಸ್ಪ್ರೇ ಕರಗುತ್ತದೆ, ಮೇಲಿನ ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತದೆ.

ಕೆಡುವುದೂ ಇಲ್ಲೇ. ಅರ್ಧ ನಿಮಿಷ ಏನೂ ಆಗುವುದಿಲ್ಲ. ಕುಂಚ ಉಜ್ಜುತ್ತಲೇ ಇರುತ್ತದೆ, ಬಣ್ಣ ಕದಲುವುದಿಲ್ಲ. ಇನ್ನೊಂದು ಹನಿ ನೀರು. ಸ್ವಲ್ಪ ಒತ್ತಡ. ಆಗ ಬಾಗಿಲಿನಷ್ಟು ಅಗಲದ ಬಣ್ಣ ಒಂದೇ ಸಲಕ್ಕೆ ಹಾವಿನ ಪೊರೆಯಂತೆ ಸುಲಿದು ಕುಂಚಕ್ಕೆ ಸುತ್ತಿಕೊಳ್ಳುತ್ತದೆ. ಕಾರಣ, ನೀರು ಆಗಲೇ ಒಳಗೆ ಇಳಿದಿತ್ತು, ತನ್ನ ಕೆಲಸ ಮುಗಿಸಿತ್ತು, ನೀವು ಕಾದಿರಲಿಲ್ಲ. ಹನಿ ಹಚ್ಚಿ ಒಂದು ನಿಮಿಷ ಕೈಕಟ್ಟಿ ಕೂರುವುದೇ ಇಲ್ಲಿನ ಕಸುಬು. ಇಡೀ ರಾತ್ರಿ ಕಾಯುವುದೂ ತಪ್ಪು. ಬಣ್ಣ ಗಟ್ಟಿಯಾಗಿ ನೀರು ಕುಡಿಯುವುದನ್ನೇ ನಿಲ್ಲಿಸುತ್ತದೆ. ಸಾಕಷ್ಟು ಚಕ್ಕೆ ಎದ್ದ ಮೇಲೆ ಮತ್ತೆ ವಾರ್ನಿಷ್ ಹೊಡೆದು ಈ ಕೆಲಸಕ್ಕೆ ಬೀಗ ಹಾಕಿಬಿಡಿ, ಇಲ್ಲದಿದ್ದರೆ ಮುಂದೆ ಒದ್ದೆ ಬೆರಳು ತಾಗಿದಾಗಲೆಲ್ಲ ಕಾರು ಹಳೆಯದಾಗುತ್ತಲೇ ಇರುತ್ತದೆ.

ಚಕ್ಕೆಯ ಗಾತ್ರ ನೆನಪಿರಲಿ. ಒಂದು ಮಿಲಿಮೀಟರಿನ ಚಕ್ಕೆ ಅಸಲಿ ಕಾರಿನಲ್ಲಿ ಎರಡೂವರೆ ಸೆಂಟಿಮೀಟರ್. ಉತ್ಸಾಹದಲ್ಲಿ ಉಜ್ಜಿದ ಕಾರು ಮಳೆಗೆ ನೆಂದದ್ದಲ್ಲ, ಗುಂಡಿನ ಕಾಳಗದಿಂದ ಬಂದದ್ದು ಎನ್ನಿಸುತ್ತದೆ. ತುಕ್ಕಿಗೂ ವಿಳಾಸ ಇರುತ್ತದೆ: ನೀರು ನಿಲ್ಲುವ ಬಾಗಿಲಿನ ಕೆಳ ಅಂಚು, ಮುಂಗಾಜಿನ ಬುಡ, ಕಲ್ಲು ಸಿಡಿಯುವ ಚಕ್ರದ ಹಿಂಬದಿ, ಕಾಲು ಉಜ್ಜುವ ಹೊಸ್ತಿಲು. ಬಾಗಿಲಿನ ಮಧ್ಯೆ, ಯಾವ ಗೀರೂ ಇಲ್ಲದ ಕಡೆ, ದುಂಡಗೆ ಒಂದು ತುಕ್ಕು ಕಂಡರೆ ಅದು ತುಕ್ಕಲ್ಲ, ಕುಂಕುಮ. ಕಾರು ಮರುಭೂಮಿಯ ಕೆರೆಯಂಗಳದ್ದು ಎಂದು ನಿಮ್ಮ ಕಲ್ಪನೆಯಾದರೆ ತೂತು ಬಿದ್ದ ತುಕ್ಕು ಬೇಡವೇ ಬೇಡ; ಒಣ ಹವೆಯಲ್ಲಿ ಲೋಹ ಮೇಲ್ಮೈಯಲ್ಲಷ್ಟೇ ಕೆಂಪಾಗುತ್ತದೆ, ಛಾವಣಿಯ ಬಣ್ಣ ಬಿಸಿಲಿಗೆ ಬೆಳ್ಳಗಾಗುತ್ತದೆ.

ಸಂದಿಗಳಲ್ಲಿ ಕೊಳೆ ಕೂತಂತೆ ತೋರಿಸಲು ಆಯಿಲ್ ಪೇಂಟ್ ಒಂದು ಪಾಲು, ಅದನ್ನು ತೆಳು ಮಾಡುವ ವೈಟ್ ಸ್ಪಿರಿಟ್ ಹತ್ತು ಪಾಲು ಬೆರೆಸಿ ಹಚ್ಚಬೇಕು. ಕೊನೆಗೆ ಧೂಳು: ತಿಳಿ ಮಣ್ಣುಬಣ್ಣದ ಪುಡಿಯನ್ನು ಒಣ ಕುಂಚದಿಂದ ಚಕ್ರ, ಛಾಸಿಗೆ ತಟ್ಟುವುದು. ಪುಡಿ ನಿಲ್ಲಲೆಂದು ಮೇಲೆ ವಾರ್ನಿಷ್ ಹೊಡೆದರೆ ಅರ್ಧಕ್ಕರ್ಧ ಮಾಯವಾಗುತ್ತದೆ, ಒದ್ದೆಯಾದ ಮಣ್ಣು ಕಪ್ಪಾಗಿ ಕಾಣುವ ಹಾಗೆ. ಹೊಡೆಯದಿದ್ದರೆ ಮುಟ್ಟಿದವರ ಕೈಗೆ ಹತ್ತುತ್ತದೆ. ಎರಡೂ ಕಷ್ಟ, ಬೇಕಾದ್ದಕ್ಕಿಂತ ಎರಡು ಪಟ್ಟು ತಟ್ಟಿ ತೆಳ್ಳಗೆ ವಾರ್ನಿಷ್ ಹೊಡೆಯುವುದು ನಡುದಾರಿ. ಗಾಜಿಗೆ ಟೇಪ್ ಅಂಟಿಸಿದ್ದೀರೋ ಇಲ್ಲವೋ ಎಂದು ನೆನಪಾಗುವುದು ಆ ಮ್ಯಾಟ್ ವಾರ್ನಿಷ್ ಹೊಡೆದು ಮುಗಿದ ಮೇಲೆ.

ಕಪಾಟಿನಲ್ಲಿಟ್ಟ ಕಾರಿನ ಮೇಲೆ ಅಸಲಿ ಧೂಳು ಕೂರಲು ಒಂದು ವಾರ ಸಾಕು. ಹೇಗೂ ಧೂಳಿನ ಕಾರು ತಾನೇ ಎಂದು ಬಿಡುವ ಹಾಗಿಲ್ಲ, ಅದರ ಅಳತೆ ತಪ್ಪು: ನಾಲ್ಕು ಮಿಲಿಮೀಟರಿನ ಬಟ್ಟೆ ಎಳೆ ಈ ಛಾವಣಿಯ ಮೇಲೆ ಹತ್ತು ಸೆಂಟಿಮೀಟರಿನ ಹಗ್ಗ. ಹಾಗಾಗಿ ಮೆತ್ತನೆಯ ಮೇಕಪ್ ಬ್ರಷ್ ಒಂದನ್ನು ಇದಕ್ಕೇ ಮೀಸಲಿಡಿ. ಮೇಲಿನಿಂದ ಕೆಳಕ್ಕೆ, ಒತ್ತದೆ, ಅಸಲಿ ಧೂಳು ಮಾತ್ರ ಹೋಗುವಷ್ಟು ಹಗುರವಾಗಿ ಆಡಿಸಿ. ಕಪಾಟು ಒರೆಸುವ ಒದ್ದೆ ಬಟ್ಟೆ ಮನೆಯಲ್ಲಿ ಯಾರ ಕೈಯಲ್ಲಿರುತ್ತದೋ ಅವರಿಗೆ ಮೊದಲೇ ಒಂದು ಮಾತು ಹೇಳಿಡಿ.