ಗದ್ದಲ ಇರುವಾಗ್ಲೇ ಪೊಲೀಸರ ಬಿಲ್ಲನ್ನೂ ತೂರಿಸಿಬಿಡಿ ಮಾರಾಯ್ರೆ

ಕರ್ನಾಟಕ-ಕೇರಳ ಗಡಿಯ ತಲಪಾಡಿಯಲ್ಲಿ ಬಸ್ಸಿಂದ ಇಳಿದು ಸ್ವಲ್ಪ ಹೊತ್ತು ನಿಂತು ನೋಡಿ. ಒಂದೇ ಬಿಸಿಲು, ಒಂದೇ ಹೈವೇ ಧೂಳು, ಆಚೆ ಕರ್ನಾಟಕದ ಪೊಲೀಸ್, ಈಚೆ ಕೇರಳದ ಪೊಲೀಸ್, ಇಬ್ರೂ ಬೆವರುವುದು ಒಂದೇ ತರ ಆದ್ರೆ ಸಂಬಳ ಮಾತ್ರ ಬೇರೆ ಬೇರೆ. ಯಾಕಂದ್ರೆ ಸಂವಿಧಾನದಲ್ಲಿ ಪೊಲೀಸ್ ಅನ್ನುವುದು ರಾಜ್ಯಪಟ್ಟಿಯ 2ನೇ ಐಟಂ, ಅವರವರ ಪೊಲೀಸಿಗೆ ಅವರವರೇ ಅನ್ನ ಹಾಕ್ಬೇಕು. ನಾವು ಕಾಸರಗೋಡಿನ ಕನ್ನಡದವ್ರು 1956ರಿಂದ ಕೇರಳದ ಲೆಕ್ಕದಲ್ಲಿದ್ದು ಕರ್ನಾಟಕದ ಪೇಪರ್ ಓದುವವರಲ್ವಾ, ಹಾಗಾಗಿ ಎರಡೂ ಕಡೆಯ ಯಕ್ಷಗಾನ ನಮ್ಗೆ ಒಂದೇ ಟಿಕೆಟಲ್ಲಿ.

ಮೊದ್ಲು ಆಚೆಯದ್ದು. 2016ರ ಜೂನಲ್ಲಿ ಅಲ್ಲಿಯ ಪೊಲೀಸರು ಸಾಮೂಹಿಕ ರಜೆ ಹಾಕ್ತೇವೆ ಅಂತ ಹೊರಟಿದ್ರು, ನೆನಪುಂಟಾ? ಆ ವರ್ಷವೇ ಪೊಲೀಸ್ ಅಧಿಕಾರಿ ಔರಾದ್ಕರ್ ಅವರ ಸಮಿತಿ ಸಂಬಳ ಏರಿಸಿ ಅಂತ ವರದಿ ಕೊಟ್ಟಿತು. ಆದೇಶ ಆದದ್ದು 2019ರಲ್ಲಿ. ಅಷ್ಟರಲ್ಲಿ ಮುಖ್ಯಮಂತ್ರಿ ಕುರ್ಚಿಯಲ್ಲಿ ಸಿದ್ದರಾಮಯ್ಯ, ಯಡಿಯೂರಪ್ಪ, ಕುಮಾರಸ್ವಾಮಿ ಕೂತಾಯ್ತು, ವರದಿ ಮಾತ್ರ ಕೂತಲ್ಲೇ ಇತ್ತು. ಕೊನೆಗೆ ಸಿಕ್ಕಿದಾಗ್ಲೂ ತುಂಬ ವರ್ಷ ಸರ್ವಿಸ್ ಆದವ್ರು ನಮ್ಗೆಂತ ಸಿಕ್ತು ಅಂತ ಗೊಣಗಿದ್ರು. ಗೊಣಗಿದ್ದಷ್ಟೇ, ಜೋರಾಗಿ ಹೇಳ್ಲಿಕ್ಕಿಲ್ಲ, ಪೊಲೀಸರು ಸರ್ಕಾರದ ಒಪ್ಪಿಗೆ ಇಲ್ಲದೆ ಸಂಘ ಗಿಂಘ ಅಂತ ಹೋದ್ರೆ 1966ರ ಕಾಯ್ದೆಯೊಂದು ಬಾಗಿಲಲ್ಲೇ ಕಾದು ಕೂತಿರ್ತದೆ. ಹಾಂ, 2025ರಲ್ಲಿ ಒಂದು ಸಿಕ್ತು. ಕಾನ್‌ಸ್ಟೇಬಲ್‌ಗಳ ಹಳೇ ಸ್ಲೋಚ್ ಹ್ಯಾಟ್ ತೆಗ್ದು ನೀಲಿ ಪೀಕ್ ಕ್ಯಾಪ್ ಕೊಟ್ರು. ಸರ್ಕಾರ ಟೊಪ್ಪಿ ಹಾಕಿದ್ದು ಅಂತ ನಾನು ಹೇಳುವುದಿಲ್ಲ, ನೀವೇ ಹೇಳ್ಕೊಳ್ಳಿ.

ಈಗ ಕಾಯ್ದೆ ಮಾಡುವವರ ಸಂಬಳಕ್ಕೆ ಬನ್ನಿ. ಅದೇ 2025ರ ಮಾರ್ಚ್ 21, ವಿಧಾನಸಭೆಯಲ್ಲಿ ಹನಿಟ್ರ್ಯಾಪ್ ಗಲಾಟೆ, ಬಿಜೆಪಿಯವ್ರು ಸ್ಪೀಕರ್ ಪೀಠದ ಕಡೆ ಕಾಗದ ಹರಿದು ಎಸೀತಾ ಇದ್ದಾರೆ (ಸ್ಪೀಕರ್ ಖಾದರ್ ಅವ್ರು ನಮ್ಮ ತಲಪಾಡಿ ಕಡೆಯ ಶಾಸಕರೇ), ಯಾರು ಎಂತ ಹೇಳ್ತಾರೆ ಅಂತ ಯಾರಿಗೂ ಕೇಳ್ಲಿಕ್ಕಿಲ್ಲ, ಆ ಗೌಜಿಯಲ್ಲೇ ಚರ್ಚೆ ಇಲ್ಲದೆ ಬಿಲ್ ಪಾಸ್. ಶಾಸಕರ ಸಂಬಳ 40,000ದಿಂದ 80,000, ಮುಖ್ಯಮಂತ್ರಿಯದ್ದು 75,000ದಿಂದ ಒಂದೂವರೆ ಲಕ್ಷ. ಅದೇ ದಿನ 18 ಶಾಸಕರನ್ನು ಸಸ್ಪೆಂಡ್ ಮಾಡಿ ಮಾರ್ಷಲ್‌ಗಳು ಹೊತ್ಕೊಂಡು ಹೊರಗೆ ಹಾಕಿದ್ರು. ಹೊತ್ತವರ ಸಂಬಳ ಡಬ್ಬಲ್ ಆಗ್ಲಿಲ್ಲ, ಹೊರಿಸಿಕೊಂಡವರದ್ದು ಆಯ್ತು. 2022ರ ಫೆಬ್ರವರಿಯಲ್ಲೂ ಹಾಗೇ, ಆಗ ಬಿಜೆಪಿ ಸರ್ಕಾರ, ಬಾವುಟದ ಜಗಳ, ಅದ್ರ ಮಧ್ಯೆ ಸಂಬಳದ ಬಿಲ್ ಪಾಸ್. ಪಕ್ಷ ಯಾವುದಾದ್ರೂ ಈ ಒಂದು ವಿಷಯದಲ್ಲಿ ಭಯಂಕರ ಒಗ್ಗಟ್ಟು.

ಈಚೆ ನಮ್ಮ ಕೇರಳದಲ್ಲಿ ಪೊಲೀಸರಿಗೆ ಸರ್ಕಾರ ಒಪ್ಪಿದ ಅಸೋಸಿಯೇಷನ್ ಉಂಟು, ಐದು ವರ್ಷಕ್ಕೊಮ್ಮೆ ಪೇ ರಿವಿಷನ್ ಅಂತ ಲೆಕ್ಕವೂ ಉಂಟು. ಹಿಂದಿನದ್ದು 2019ರ ಜುಲೈ ಲೆಕ್ಕದ್ದು, ಆದೇಶ ಬಂದದ್ದು 2021ರಲ್ಲಿ. ಮುಂದಿನದ್ದು 2024ರ ಜುಲೈಗೆ ಆಗ್ಬೇಕಿತ್ತು, ಜುಲೈ ಬಂತು, ಮಳೆ ಬಂತು, ಎರಡೂ ಹೋಯ್ತು. ಇಲ್ಲಿಯ ಸರ್ಕಾರಿ ನೌಕರರ ಮನೆಯ ಮಕ್ಕಳು ಕನ್ನಡ ಮೀಡಿಯಮ್ ಆದ್ರೂ ಮಲಯಾಳದ ಒಂದು ಶಬ್ದ ಬೇಗ ಕಲೀತಾರೆ, 'ಕುಡಿಶ್ಶಿಕ', ಅಂದ್ರೆ ಬಾಕಿ.

ನನ್ನದೊಂದು ಐಡಿಯಾ ಉಂಟು. ಪೊಲೀಸರ ಸಂಬಳವನ್ನು ಈ ಆಯೋಗ, ಸಮಿತಿ, ಹಣಕಾಸು ಇಲಾಖೆ ಅಂತ ಸುತ್ತಿಸುವುದು ಬಿಟ್ಟು ಶಾಸಕರ ಸಂಬಳದ ಹಾಗೆ ಬಿಲ್ಲೇ ಮಾಡಿ, ಅದನ್ನು ಶಾಸಕರ ಬಿಲ್ಲಿನ ಅಡಿಯಲ್ಲಿ ಪಿನ್ ಹೊಡೆದು ಇಡುವುದು. ಹೇಗೂ ಯಾರೂ ಓದುವುದಿಲ್ಲ, 'ಸಂಬಳ' ಅಂತ ಮೇಲೆ ಕಂಡ್ರೆ ಸಾಕು, ಎಲ್ರೂ 'ಹೌದು' ಅಂತಾರೆ. ಗದ್ದಲ ಕಮ್ಮಿ ಆದ್ರೆ ಹೊರಗೆ ಬಂದೋಬಸ್ತಿಗೆ ನಿಂತವರೇ ಒಂದು ಸೀಟಿ ಊದಿದ್ರಾಯ್ತು.

ಇದನ್ನು ತಲಪಾಡಿಯಲ್ಲಿ ಚಾ ಕುಡೀತಿದ್ದ ಪೊಲೀಸಣ್ಣ ಒಬ್ರ ಹತ್ರ ಹೇಳಿದೆ. ಅವ್ರು ಆಚೆ ಈಚೆ ನೋಡಿ, "ಮೆಲ್ಲ ಹೇಳಿ ಮಾರಾಯ್ರೆ, ಯಾರಾದ್ರೂ ಕೇಳಿಸ್ಕೊಂಡ್ರೆ ಇದಕ್ಕೂ ಒಂದು ಸಮಿತಿ ಮಾಡಿಯಾರು" ಅಂದ್ರು.