ಸೂಜಿಗೆ ಲೆಕ್ಕ, ಚೌಕಾಬಾರಕ್ಕೆ ಇಲ್ಲವೇ?

"ಹುಟ್ಟದೆ ತಪ್ಪಿದ ನೋವು ಒಳ್ಳೆಯದೇ, ಹುಟ್ಟದೆ ತಪ್ಪಿದ ಸುಖಕ್ಕೆ ಕೊರಗುವವರೇ ಇಲ್ಲ", ಹಾಗಾಗಿ ಹುಟ್ಟದಿರುವುದೇ ಮೇಲು ಎಂಬ ತತ್ವಶಾಸ್ತ್ರಜ್ಞ ಡೇವಿಡ್ ಬೆನಾಟರ್ ವಾದವನ್ನು ನಾನು ಓದಿದ ಲೇಖನವೊಂದರ ಲೇಖಕರು ಥಲಸ್ಸೀಮಿಯಾ ಎಂಬ, ತಂದೆತಾಯಿಯಿಂದ ಬರುವ ರಕ್ತದ ಕಾಯಿಲೆಯ ಮಕ್ಕಳನ್ನು ತೋರಿಸಿ ಒಪ್ಪಿಸಲು ಹೊರಟಿದ್ದಾರೆ. ಅಂಥದೊಂದು ಮಗು ನಮ್ಮ ಮನೆಯಲ್ಲೇ ಇದೆ.

ಮಗಳಿಗೆ 9 ವರ್ಷ. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು, ಮೈಯಲ್ಲಿ ಸೇರುವ ಕಬ್ಬಿಣದಂಶ ಇಳಿಸಲು ದಿನಾ ಮಾತ್ರೆ. ನರ ಸಿಗದೆ ಸಿಸ್ಟರ್ ಮೂರನೇ ಸಲ ಚುಚ್ಚುವಾಗ ನಾನು ಮುಖ ತಿರುಗಿಸುತ್ತೇನೆ, ಅವಳು ತಿರುಗಿಸುವುದಿಲ್ಲ. ಆಮೇಲೆ ಚೀಲ ಖಾಲಿಯಾಗುವ ತನಕ ಪಕ್ಕದ ಹಾಸಿಗೆಯ ಹುಡುಗನ ಜೊತೆ ಒಂದೇ ಕೈಯಲ್ಲಿ ಕವಡೆ ಎಸೆದು ಚೌಕಾಬಾರ ಆಡುತ್ತಾಳೆ. ಮೋಸ ಮಾಡಿಯೇ ಗೆಲ್ಲುತ್ತಾಳೆ ಅನ್ನಿ. ಲೇಖಕರು ಸೂಜಿ ಎಣಿಸಿದ್ದಾರೆ, ಇದನ್ನು ಎಣಿಸಿಲ್ಲ.

ಹಾಗಂತ "ದೇವರು ಕೊಟ್ಟಿದ್ದು, ಪರೀಕ್ಷೆ ಯಾಕೆ" ಅನ್ನುವವಳೂ ನಾನಲ್ಲ. ಗಂಡ ಹೆಂಡತಿ ಇಬ್ಬರೂ ವಾಹಕರಾದರೆ, ಅಂದರೆ ತಮಗೆ ಕಾಯಿಲೆ ಇಲ್ಲದೆಯೂ ಅದರ ದೋಷವನ್ನು ಮಗುವಿಗೆ ದಾಟಿಸಬಲ್ಲವರಾದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ಶೇ 25. ಎರಡನೇ ಸಲ ಬಸಿರಾದಾಗ ಮೂರು ತಿಂಗಳೊಳಗೇ ಹೊಟ್ಟೆಯಲ್ಲಿದ್ದ ಮಗುವಿನ ಪರೀಕ್ಷೆ ಮಾಡಿಸಿದೆವು. ವರದಿ ಬರುವ ತನಕ ಮಗಳ ಮುಖ ನೋಡಲು ಕಷ್ಟವಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಬರುವ ಮಗುವಿಗೆ ಈ ಕಾಯಿಲೆ ಬೇಡ ಅನ್ನುವುದು ಬೇರೆ, ಇರುವವಳು ಹುಟ್ಟಲೇಬಾರದಿತ್ತು ಅನ್ನುವುದು ಬೇರೆ. ಶುರು ಮಾಡಲು ತಕ್ಕ ಬದುಕು, ಮುಂದುವರಿಸಲು ತಕ್ಕ ಬದುಕು ಬೇರೆ ಬೇರೆ ಎಂದು ಬೆನಾಟರ್ ಅವರೇ ಬಿಡಿಸಿ ಹೇಳುತ್ತಾರೆ. ಲೇಖನದಲ್ಲಿ ಅದೇ ಬಿಟ್ಟುಹೋಗಿದೆ.

ಮದುವೆಗೆ ಮುಂಚೆ ಜಾತಕದ ಜೊತೆ, ಥಲಸ್ಸೀಮಿಯಾ ವಾಹಕರೋ ಅಲ್ಲವೋ ಎಂದು ತಿಳಿಯುವ ಎಚ್‌ಬಿಎ2 ರಕ್ತಪರೀಕ್ಷೆಯನ್ನೂ ನೋಡಿ ಅಂತ ಒಂದು ಸಾಲು ಸೇರಿಸಿದ್ದರೆ ಓದಿದವರಿಗೆ ಏನಾದರೂ ಉಪಯೋಗವಾಗುತ್ತಿತ್ತು.